ಬ್ರೆಕ್ಸಿಟ್ ಮುಗಿದರೂ ಬ್ರಿಟನ್ನಿನ ಜನರ ಅಸಮಾಧಾನ ಏಕೆ ಮುಗಿದಿಲ್ಲ?

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ನಾಲ್ಕು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದಾರೆ. ಮಗಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರ ಮನೆಗೆ ಹೋಗಿದ್ದಾಗ ನೆರೆಹೊರೆಯವರೊಡನೆ ಮಾತನಾಡುವ ಅವಕಾಶ ಸಿಕ್ಕಿತು. ಒಂದು ಪಕ್ಕದ ಮನೆಯ ಹಿರಿಯರು ಬ್ರೆಕ್ಸಿಟ್ ಬೇಕೆಂದು ಮತ ಹಾಕಿದವರು. ಇನ್ನೊಂದು ಪಕ್ಕದ ಪೋಲೆಂಡ್ ಮೂಲದ ಮಹಿಳೆಗೆ ಮತದ ಹಕ್ಕೇ ಇರಲಿಲ್ಲ. ಇಬ್ಬರೂ ರಾಜಕಾರಣಿಗಳನ್ನು ಒಂದೇ ಸಮನೆ ಬೈಯುತ್ತಿದ್ದರು. ಬೇಕೆಂದು ಕೇಳಿದ್ದು ಸಿಕ್ಕ ಮೇಲೂ ಈ ಬೇಸರವೇಕೆ? ಅಲ್ಲಿ ವಾಸಿಸುವವರಿಗೆ ನಿಜವಾಗಿ ಆಗಿರುವ ತೊಂದರೆ ಏನು? ನಮ್ಮವರಿಗೂ ಇದರ ಬಿಸಿ ತಟ್ಟುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಆ ಇಬ್ಬರು ಬೈಯುತ್ತಿದ್ದದ್ದು ಒಂದೇ ಜನರನ್ನಾದರೂ ಬೈಯುವ ಕಾರಣ ಒಂದೇ ಆಗಿರಲಾರದು. ಹಾಗಿದ್ದೂ ಅವರ ಸಿಟ್ಟಿನ ಬೇರುಗಳು ಒಂದು ಕಡೆ ಕೂಡುತ್ತವೆ ಎಂಬುದು ನನ್ನ ಅಭಿಪ್ರಾಯ. ಬ್ರೆಕ್ಸಿಟ್ ವಿಷಯದಲ್ಲಿ, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ವಿಷಯದಲ್ಲಿ, ಜನಮತಗಣನೆಗೆ ಮಾತು ಕೊಟ್ಟವರು ಒಬ್ಬರು, ಹೊರಬಂದರೆ ಇಂಥಿಂಥ ಲಾಭವಿದೆ ಎಂದು ಪ್ರಚಾರ ಮಾಡಿದವರು ಇನ್ನೊಬ್ಬರು, ಐರೋಪ್ಯ ಒಕ್ಕೂಟದ ಜೊತೆ ಮಾತುಕತೆಗೆ ಕುಳಿತವರು ಮತ್ತೊಬ್ಬರು. ಪರಿಣಾಮವನ್ನು ಜನ ಅನುಭವಿಸುವ ಹೊತ್ತಿಗೆ ಇವರಲ್ಲಿ ಬಹುತೇಕರು ಅಧಿಕಾರದಲ್ಲಿಯೇ ಇರಲಿಲ್ಲ. 2016ರಿಂದ 2024ರವರೆಗಿನ ಎಂಟು ವರ್ಷಗಳಲ್ಲಿ ಡೇವಿಡ್ ಕ್ಯಾಮರಾನ್, ಥೆರೇಸಾ ಮೇ, ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಕ್, ಕೀರ್ ಸ್ಟಾರ್ಮರ್ ಎಂದು ಆರು ಮಂದಿ ಪ್ರಧಾನಿಗಳನ್ನು ಆ ದೇಶ ಕಂಡಿತು. ಹೀಗಾಗಿ ಹೊರಬರಬೇಕೆಂದವರಿಗೂ ಬೇಡವೆಂದವರಿಗೂ ಇದಕ್ಕೆಲ್ಲ ಯಾರನ್ನು ಹೊಣೆ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ನೀವು ಅಲ್ಲಿ ಕೇಳಿಸಿಕೊಂಡ ಬೇಸರದ ತಿರುಳು ಇದೇ ಎಂದು ನಾನು ಭಾವಿಸುತ್ತೇನೆ.

ಮೊದಲಿಗೆ ಆ ಮತದಾನವನ್ನೇ ನೋಡೋಣ. ತಮ್ಮದೇ ಕನ್ಸರ್ವೇಟಿವ್ ಪಕ್ಷದೊಳಗಿನ ಒಕ್ಕೂಟ ವಿರೋಧಿಗಳನ್ನು ಸಮಾಧಾನಪಡಿಸಲು ಮತ್ತು ಬಲಪಂಥದಿಂದ ಬೆಳೆಯುತ್ತಿದ್ದ ಯುಕಿಪ್ ಪಕ್ಷಕ್ಕೆ ತಡೆಯೊಡ್ಡಲು ಕ್ಯಾಮರಾನ್ 2013ರ ಜನವರಿಯಲ್ಲಿ ಜನಮತಗಣನೆಯ ಭರವಸೆ ನೀಡಿದರು. 2015ರ ಚುನಾವಣೆಯಲ್ಲಿ ಅನಿರೀಕ್ಷಿತವಾಗಿ ಪೂರ್ಣ ಬಹುಮತ ಬಂದಾಗ ಅದನ್ನು ನಡೆಸದೆ ಬೇರೆ ದಾರಿ ಉಳಿಯಲಿಲ್ಲ. 2016ರ ಜೂನ್ 23ರಂದು ಶೇ 72ರಷ್ಟು ಮತದಾನವಾಗಿ, ಹೊರಬರಬೇಕೆಂದು ಶೇ 51.9, ಉಳಿಯಬೇಕೆಂದು ಶೇ 48.1 ಮತಗಳು ಬಂದವು. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಬರುವ ಪರ ನಿಂತರೆ, ಸ್ಕಾಟ್ಲೆಂಡ್ ಶೇ 62ರಷ್ಟು ಮತ್ತು ಉತ್ತರ ಐರ್ಲೆಂಡ್ ಸುಮಾರು ಶೇ 56ರಷ್ಟು ಮತಗಳಿಂದ ಉಳಿಯುವ ಪರ ನಿಂತವು. ಮತಪತ್ರದಲ್ಲಿ ಇದ್ದದ್ದು ಉಳಿಯಬೇಕೇ, ಬಿಡಬೇಕೇ ಎಂಬ ಪ್ರಶ್ನೆ ಮಾತ್ರ. ಬಿಟ್ಟ ಮೇಲೆ ನಾರ್ವೆಯ ಹಾಗೆ ಸರಕು, ಜನ ಅಡೆತಡೆಯಿಲ್ಲದೆ ಓಡಾಡುವ ಏಕ ಮಾರುಕಟ್ಟೆಯಲ್ಲಿ ಮುಂದುವರಿಯಬೇಕೇ, ಸದಸ್ಯರ ನಡುವೆ ಸುಂಕವಿಲ್ಲದ ಕಸ್ಟಮ್ಸ್ ಒಕ್ಕೂಟದಲ್ಲಿ ಮಾತ್ರ ಇರಬೇಕೇ, ಎಲ್ಲ ನಂಟನ್ನೂ ಕಡಿದುಕೊಳ್ಳಬೇಕೇ ಎಂದು ಯಾರೂ ಕೇಳಲಿಲ್ಲ. ಆದ್ದರಿಂದ ಹೊರಬರುವ ಪರ ಮತ ಹಾಕಿದ 1 ಕೋಟಿ 74 ಲಕ್ಷ ಜನರ ಮನಸ್ಸಿನಲ್ಲಿ ಹಲವು ಬಗೆಯ ಬ್ರೆಕ್ಸಿಟ್‌ಗಳಿದ್ದವು. ಇದಕ್ಕಿಂತ ಸೋಜಿಗದ ಸಂಗತಿಯೆಂದರೆ, ಫಲಿತಾಂಶ ಹೊರಬರುವ ಪರ ಬಂದರೆ ಏನು ಮಾಡಬೇಕೆಂಬ ಸಿದ್ಧತೆಗೆ ಕೈಹಾಕದಂತೆ ಸರ್ಕಾರವೇ ಅಧಿಕಾರಿಗಳನ್ನು ತಡೆದಿತ್ತು. ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸಮಿತಿ ಇದನ್ನು ಘೋರ ನಿರ್ಲಕ್ಷ್ಯವೆಂದು ಕರೆಯಿತು. ಫಲಿತಾಂಶ ಬಂದ ಬೆಳಗ್ಗೆಯೇ ಕ್ಯಾಮರಾನ್ ರಾಜೀನಾಮೆ ಘೋಷಿಸಿದರು.

ನಿಮ್ಮ ಮಗಳ ನೆರೆಯ ಪೋಲಿಷ್ ಮಹಿಳೆಗೆ ಮತವಿರಲಿಲ್ಲ ಎಂದಿರಿ. ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಭಾರತೀಯರಿಗೂ ಅದಕ್ಕೂ ನೇರ ಸಂಬಂಧವಿದೆ. ಅಂದಿನ ನಿಯಮದ ಪ್ರಕಾರ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತದ ಹಕ್ಕಿತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಹಿಡಿದು, ಎರಡು ವರ್ಷಗಳ ಹಿಂದಷ್ಟೇ ಬೆಂಗಳೂರಿನಿಂದ ಹೋಗಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಮತ ಹಾಕಬಹುದಿತ್ತು. ಮೂವತ್ತು ವರ್ಷ ಅಲ್ಲೇ ಬದುಕಿ, ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸಿದ ಫ್ರಾನ್ಸಿನ ಪ್ರಜೆ ಹಾಕುವಂತಿರಲಿಲ್ಲ. ಐರೋಪ್ಯ ಒಕ್ಕೂಟದ ದೇಶಗಳ ಪೈಕಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಪ್ರಜೆಗಳಿಗೆ ಮಾತ್ರ ಅವಕಾಶವಿತ್ತು. ಇತ್ತ ಸ್ಪೇನ್, ಫ್ರಾನ್ಸ್, ಇಟಲಿಗಳಲ್ಲಿ ನೆಲೆಸಿದ್ದ ಬ್ರಿಟಿಷರ ಪೈಕಿ ದೇಶ ಬಿಟ್ಟು ಹದಿನೈದು ವರ್ಷ ದಾಟಿದವರಿಗೂ ಮತವಿರಲಿಲ್ಲ. ಇಟಲಿಯಲ್ಲಿ ನೆಲೆಸಿದ್ದ, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಹೋರಾಡಿದ್ದ ವೃದ್ಧ ಯೋಧರೊಬ್ಬರು ಇದನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿ ಸೋತರು. ಹದಿನೈದು ವರ್ಷಗಳ ಆ ಮಿತಿಯನ್ನು 2024ರ ಜನವರಿಯಲ್ಲಿ ತೆಗೆದುಹಾಕಲಾಯಿತು, ಆದರೆ ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಈ ನಿರ್ಧಾರದಿಂದ ಬದುಕೇ ಅಲುಗಾಡಬಹುದಾಗಿದ್ದ ಎರಡು ದೊಡ್ಡ ಗುಂಪುಗಳನ್ನು ಹೀಗೆ ಮತಗಟ್ಟೆಯಿಂದ ಹೊರಗಿಡಲಾಗಿತ್ತು.

ಇನ್ನು ಸಂಸತ್ತಿನ ಕಥೆ. ಬ್ರಿಟನ್ನಿನ ಸಾಮಾನ್ಯ ಜನ ರಾಜಕೀಯದಿಂದಲೇ ಮುಖ ತಿರುಗಿಸಿದ್ದು 2017ರಿಂದ 2019ರವರೆಗಿನ ಅವಧಿಯಲ್ಲಿ ಎನ್ನಬಹುದು. ಥೆರೇಸಾ ಮೇ 2017ರ ಮಾರ್ಚ್ 29ರಂದು ನಿರ್ಗಮನದ ಅಧಿಕೃತ ಸೂಚನೆ ಕೊಟ್ಟು ಎರಡು ವರ್ಷಗಳ ಗಡಿಯಾರವನ್ನು ಓಡಿಸಿದರು. ಆ ಗಡಿಯಾರ ಓಡುತ್ತಿರುವಾಗಲೇ ಅವಧಿಗೆ ಮುಂಚೆ ಚುನಾವಣೆ ಕರೆದು, ಇದ್ದ ಬಹುಮತವನ್ನೂ ಕಳೆದುಕೊಂಡು, ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗವಾಗಿಯೇ ಇರಬೇಕೆನ್ನುವ ಅಲ್ಲಿನ ಡಿಯುಪಿ ಪಕ್ಷದ ಹತ್ತು ಸಂಸದರ ಬೆಂಬಲದ ಮೇಲೆ ಸರ್ಕಾರ ನಡೆಸಬೇಕಾಯಿತು. ಆ ಚುನಾವಣೆ ಘೋಷಣೆಯಾದ ದಿನ ಬ್ರಿಸ್ಟಲ್ ನಗರದ ವೃದ್ಧೆಯೊಬ್ಬರು ಟಿ.ವಿ. ವರದಿಗಾರರ ಎದುರು, ತಮಾಷೆ ಮಾಡುತ್ತಿದ್ದೀರಾ, ಇನ್ನೊಂದಾ ಎಂದು ಉದ್ಗರಿಸಿದ್ದು ಇಡೀ ದೇಶದ ಬಾಯಲ್ಲಿ ನಿಂತಿತು. ಒಕ್ಕೂಟದ ಜೊತೆ ಮೇ ಮಾಡಿಕೊಂಡ ಒಪ್ಪಂದ 2019ರ ಜನವರಿ 15ರಂದು ಸದನದ ಮುಂದೆ ಬಂದಾಗ 202ರ ವಿರುದ್ಧ 432 ಮತಗಳಿಂದ ಬಿದ್ದಿತು. ಆಧುನಿಕ ಬ್ರಿಟಿಷ್ ಸಂಸತ್ತಿನಲ್ಲಿ ಯಾವ ಸರ್ಕಾರವೂ ಅಷ್ಟು ದೊಡ್ಡ ಸೋಲು ಕಂಡಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಅದೇ ಒಪ್ಪಂದ ಇನ್ನೆರಡು ಸಲ ಸೋತಿತು.

ಸರ್ಕಾರದ ದಾರಿ ಬೇಡವೆಂದಾದರೆ ಸದನಕ್ಕೆ ಬೇಕಾದದ್ದೇನು ಎಂದು ತಿಳಿಯಲು ಮಾರ್ಚ್ 27ರಂದು ಸಂಸದರು ಎಂಟು ಪ್ರಸ್ತಾವಗಳನ್ನು ಮುಂದಿಟ್ಟುಕೊಂಡು ಮತ ಹಾಕಿದರು. ಎಂಟೂ ಬಿದ್ದವು. ಒಪ್ಪಂದವಿಲ್ಲದೆ ಹೊರಬರುವುದು ಬೇಡ, ಮತ್ತೊಮ್ಮೆ ಜನರನ್ನು ಕೇಳುವುದು ಬೇಡ, ಕಸ್ಟಮ್ಸ್ ಒಕ್ಕೂಟವೂ ಬೇಡ, ಏಕ ಮಾರುಕಟ್ಟೆಯೂ ಬೇಡ. ಏಪ್ರಿಲ್ 1ರಂದು ಎರಡನೇ ಸುತ್ತು ನಡೆದಾಗ ಕಸ್ಟಮ್ಸ್ ಒಕ್ಕೂಟದ ಪ್ರಸ್ತಾವ 273–276ರಿಂದ, ಅಂದರೆ ಕೇವಲ ಮೂರು ಮತಗಳಿಂದ ಸೋತಿತು. ಇಬ್ಬರು ಸಂಸದರು ಆ ಸಂಜೆ ಮತ ಬದಲಿಸಿದ್ದರೆ ಲಾರಿಗಳ ಸಾಲು, ಸುಂಕದ ಕಾಗದಗಳು, ಐರಿಷ್ ಸಮುದ್ರದ ತಪಾಸಣೆ ಇವೆಲ್ಲ ಬೇರೆಯದೇ ರೂಪ ಪಡೆಯುವ ಸಾಧ್ಯತೆ ಇತ್ತು. ಆ ವಾರದ ಕಲಾಪವನ್ನು ಮನೆಯಲ್ಲಿ ಕುಳಿತು ನೇರಪ್ರಸಾರದಲ್ಲಿ ನೋಡಿದವರಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗಿದ್ದರೆ ಆಶ್ಚರ್ಯವಿಲ್ಲ. ಅದೇ ದಿನಗಳಲ್ಲಿ ನಿರ್ಗಮನದ ಸೂಚನೆಯನ್ನೇ ಹಿಂಪಡೆಯಿರಿ ಎಂಬ ಅರ್ಜಿಗೆ ಸಂಸತ್ತಿನ ಜಾಲತಾಣದಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಎದುರು ಬದಿಯವರ ಸಿಟ್ಟು ಮೇ ತಿಂಗಳ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಹೊರಬಿತ್ತು: ಕೆಲವೇ ತಿಂಗಳ ಹಿಂದೆ ಹುಟ್ಟಿದ್ದ ಬ್ರೆಕ್ಸಿಟ್ ಪಕ್ಷ ಮೊದಲ ಸ್ಥಾನಕ್ಕೆ ಬಂದು, ಆಳುವ ಕನ್ಸರ್ವೇಟಿವ್ ಪಕ್ಷ ಐದನೇ ಸ್ಥಾನಕ್ಕೆ ಕುಸಿಯಿತು. ಆ ವರ್ಷ ಸಂಸದೀಯ ವ್ಯವಸ್ಥೆಯನ್ನು ಅಧ್ಯಯನ ಮಾಡುವ ಹ್ಯಾನ್ಸರ್ಡ್ ಸೊಸೈಟಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಿಯಮ ಮುರಿಯಲು ಹಿಂಜರಿಯದ ಬಲಶಾಲಿ ನಾಯಕ ಬೇಕು ಎಂದು ಶೇ 54ರಷ್ಟು ಜನ ಒಪ್ಪಿದ್ದರು. ಸಂಸದೀಯ ಪ್ರಜಾಪ್ರಭುತ್ವದ ತವರೆನಿಸಿಕೊಂಡ ನೆಲದಲ್ಲಿ ಈ ಉತ್ತರ ಬಂದದ್ದನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಆ ಚುನಾವಣೆಯಲ್ಲಿಯೇ ನಡೆದ, ಹೊರಗೆ ಹೆಚ್ಚು ಸುದ್ದಿಯಾಗದ ಒಂದು ಪ್ರಸಂಗವಿದೆ. ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಬ್ರಿಟನ್ನಿನಲ್ಲಿದ್ದ ಪೋಲಿಷ್, ಇಟಾಲಿಯನ್, ರೊಮೇನಿಯನ್ ಪ್ರಜೆಗಳಿಗೆ ಮತದ ಹಕ್ಕಿತ್ತು; ಆದರೆ ನಾವು ನಮ್ಮ ಸ್ವದೇಶದಲ್ಲಿ ಮತ ಹಾಕುವುದಿಲ್ಲ ಎಂಬ ಘೋಷಣಾ ಪತ್ರವನ್ನು ಅವರು ಮೇ 7ರೊಳಗೆ ತುಂಬಿ ಕೊಡಬೇಕಿತ್ತು. ಅಂದುಕೊಂಡಂತೆ ಹೊರಬಂದಿದ್ದರೆ ಆ ಚುನಾವಣೆಯೇ ನಡೆಯುತ್ತಿರಲಿಲ್ಲ. ಚುನಾವಣೆ ನಡೆಯುವುದು ಖಚಿತ ಎಂದು ಸರ್ಕಾರ ಒಪ್ಪಿಕೊಂಡದ್ದೂ ಅದೇ ಮೇ 7ರಂದು. ಪತ್ರದ ವಿಷಯವೇ ತಿಳಿಯದ, ತಿಳಿದರೂ ತಲುಪಿಸಲಾಗದ ಎಷ್ಟೋ ಜನ ಮತಗಟ್ಟೆಗೆ ಹೋದಾಗ ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲೆ ಗೆರೆ ಎಳೆದಿರುವುದನ್ನು ಕಂಡು ಹಿಂದಿರುಗಿದರು. 2016ರಲ್ಲಿ ಮತವಿಲ್ಲದೆ ಕುಳಿತವರಿಗೆ ಇದು ಎರಡನೇ ಪೆಟ್ಟು. ನಿಮ್ಮ ಮಗಳ ನೆರೆಯವರು ಅವರಲ್ಲಿ ಒಬ್ಬರಿರಲೂಬಹುದು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2019ರ ಜುಲೈನಲ್ಲಿ ಪ್ರಧಾನಿಯಾದ ಜಾನ್ಸನ್ ಸಂಸತ್ತಿನ ಅಧಿವೇಶನವನ್ನೇ ಮೊಟಕುಗೊಳಿಸಲು ಹೊರಟು, ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳಿಂದ ಅದು ಕಾನೂನುಬಾಹಿರ ಎಂಬ ಸರ್ವಾನುಮತದ ತೀರ್ಪು ಪಡೆದರು. ಡಿಸೆಂಬರ್ ಚುನಾವಣೆಯಲ್ಲಿ ಬ್ರೆಕ್ಸಿಟ್ ಮುಗಿಸೋಣ ಎಂಬ ಒಂದೇ ಘೋಷಣೆಯ ಮೇಲೆ 365 ಸ್ಥಾನ ಗೆದ್ದರು. ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂದು, ಆ ವರ್ಷದ ಕೊನೆಗೆ ಏಕ ಮಾರುಕಟ್ಟೆಯನ್ನೂ ಬಿಟ್ಟಿತು. ಆ ಗೆಲುವಿನ ಗುಟ್ಟು ಬ್ರೆಕ್ಸಿಟ್ ಮೇಲಿನ ಪ್ರೀತಿಗಿಂತ, ಹೇಗಾದರೂ ಈ ಗೋಳು ಮುಗಿದರೆ ಸಾಕು ಎಂಬ ದಣಿವಿನಲ್ಲಿತ್ತು ಎಂದು ನನಗೆ ಅನ್ನಿಸುತ್ತದೆ. ದಣಿದ ಜನ ಒಪ್ಪಂದದ ವಿವರ ಓದುವುದಿಲ್ಲ. ವಿವರಗಳು ಆಮೇಲೆ ಮನೆ ಬಾಗಿಲಿಗೆ ಬಂದವು.

ಈಗ ಬ್ರೆಕ್ಸಿಟ್ ಬೇಕೆಂದ ಆ ಹಿರಿಯರ ಬೇಸರಕ್ಕೆ ಬರೋಣ. ಹೊರಬರುವ ಪರ ಮತ ಹಾಕಿದವರನ್ನು ತಿಳಿಗೇಡಿಗಳೆಂದು ತಳ್ಳಿಹಾಕುವ ರೂಢಿ ನಮ್ಮ ಪತ್ರಿಕೆಗಳಲ್ಲೂ ಇದೆ, ಅದು ನ್ಯಾಯವಲ್ಲ. ಲಿಂಕನ್‌ಶೈರ್‌ನ ಬಾಸ್ಟನ್ ಪಟ್ಟಣದಲ್ಲಿ ಶೇ 75ಕ್ಕೂ ಹೆಚ್ಚು ಜನ ಹೊರಬರುವ ಪರ ಮತ ಹಾಕಿದರು. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಒಕ್ಕೂಟ ಸೇರಿದ ಮೇಲೆ ಸುತ್ತಲಿನ ತರಕಾರಿ ಹೊಲಗಳ ಮತ್ತು ಪ್ಯಾಕಿಂಗ್ ಶೆಡ್‌ಗಳ ಕೆಲಸಕ್ಕೆ ಸಾವಿರಾರು ಜನ ಅಲ್ಲಿಗೆ ಬಂದರು. ದುಡಿಯುವವರು ಬಂದರು, ತೆರಿಗೆಯೂ ಬಂತು. ಆದರೆ 2010ರ ನಂತರದ ಮಿತವ್ಯಯದ ನೀತಿಯಿಂದಾಗಿ ಊರಿನ ಸೇವೆಗಳು ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಬಾಡಿಗೆ ಮನೆ, ಶಾಲೆಯ ಸೀಟು, ವೈದ್ಯರ ಭೇಟಿಗಾಗಿ ಕಾಯುವವರಿಗೆ ತಪ್ಪು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನದೋ ಲಂಡನ್ನಿನದೋ ಎಂದು ವಿಂಗಡಿಸುವ ವ್ಯವಧಾನ ಎಲ್ಲಿಂದ ಬರಬೇಕು? ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಸರ್ಕಾರಿ ಆರೋಗ್ಯ ಸೇವೆಗೆ ಕೊಡೋಣ ಎಂದು ಕೆಂಪು ಬಸ್ಸಿನ ಮೇಲೆ ಬರೆದುಕೊಂಡು ಊರೂರು ಸುತ್ತಿದವರು ಆ ನೋವನ್ನು ಚೆನ್ನಾಗಿಯೇ ಬಳಸಿಕೊಂಡರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹೇಳಿದ ಆ ಸಂಖ್ಯೆ ಅಂಕಿಅಂಶಗಳ ದುರ್ಬಳಕೆ ಎಂದು ಬ್ರಿಟನ್ನಿನ ಅಧಿಕೃತ ಅಂಕಿಅಂಶ ಪ್ರಾಧಿಕಾರವೇ 2017ರಲ್ಲಿ ಆಕ್ಷೇಪಿಸಿತು.

ಮೀನುಗಾರರ ವಿಷಯವೂ ಹಾಗೆಯೇ. ನಮ್ಮ ಕಡಲು ನಮಗೆ ಮರಳುತ್ತದೆ ಎಂಬ ಮಾತನ್ನು ನಂಬಿ ಗ್ರಿಮ್ಸ್‌ಬಿಯಂತಹ ಬಂದರು ಊರುಗಳು ದೊಡ್ಡ ಅಂತರದಿಂದ ಹೊರಬರುವ ಪರ ನಿಂತವು. ಆದರೆ 2020ರ ಡಿಸೆಂಬರ್ 24ರ ವ್ಯಾಪಾರ ಒಪ್ಪಂದದಲ್ಲಿ ಒಕ್ಕೂಟದ ದೋಣಿಗಳ ಪಾಲಿನಲ್ಲಿ ಕಾಲುಭಾಗ ಮಾತ್ರ, ಅದೂ ಐದೂವರೆ ವರ್ಷಗಳಲ್ಲಿ ಹಂತಹಂತವಾಗಿ, ಬ್ರಿಟನ್ನಿಗೆ ಬರುವುದೆಂದಾಯಿತು. ಆ ಅವಧಿ ಮುಗಿಯುವ ಮೊದಲೇ, 2025ರ ಮೇ 19ರ ಶೃಂಗಸಭೆಯಲ್ಲಿ ಸ್ಟಾರ್ಮರ್ ಸರ್ಕಾರ ಒಕ್ಕೂಟದ ದೋಣಿಗಳಿಗೆ 2038ರವರೆಗೆ ಪ್ರವೇಶ ಮುಂದುವರಿಸಲು ಒಪ್ಪಿತು. ಇತ್ತ ಸ್ಕಾಟ್ಲೆಂಡಿನ ಚಿಪ್ಪುಮೀನು ಮತ್ತು ಸೀಗಡಿ ವ್ಯಾಪಾರಿಗಳಿಗೆ ಸಿಕ್ಕ ಪಾಠ ಇನ್ನೂ ಕಠಿಣ. ಮೊದಲು ಸಂಜೆ ಹೊರಟ ಲಾರಿ ಮರುದಿನ ಫ್ರಾನ್ಸಿನ ಮಾರುಕಟ್ಟೆಯಲ್ಲಿರುತ್ತಿತ್ತು. 2021ರ ಜನವರಿಯಿಂದ ಪ್ರತಿ ಸರಕಿಗೂ ಆರೋಗ್ಯ ಪ್ರಮಾಣಪತ್ರ, ಕಸ್ಟಮ್ಸ್ ಘೋಷಣೆ, ಹಿಡಿದ ಮೀನಿನ ದಾಖಲೆ ಬೇಕಾದವು. ಒಂದೇ ಲಾರಿಯಲ್ಲಿ ಹಲವು ಸಣ್ಣ ವ್ಯಾಪಾರಿಗಳ ಪೆಟ್ಟಿಗೆಗಳಿದ್ದರೆ ಅದರಲ್ಲಿ ಒಬ್ಬರ ಕಾಗದ ತಪ್ಪಾದರೂ ಇಡೀ ಲಾರಿ ನಿಲ್ಲುತ್ತಿತ್ತು. ಜೀವಂತ ಮಾರಬೇಕಾದ ಸರಕು ಕಾಯುವುದಿಲ್ಲ. ಆ ತಿಂಗಳೇ ಅವರು ತಮ್ಮ ಲಾರಿಗಳನ್ನು ಲಂಡನ್ನಿಗೆ ತಂದು ಸಂಸತ್ತಿನ ಸುತ್ತಮುತ್ತ ಪ್ರತಿಭಟಿಸಿದರು. ಕಡಲು ಮರಳುತ್ತದೆ ಎಂದವರಾರೂ ಪ್ರಮಾಣಪತ್ರದ ಮಾತನ್ನು ಎತ್ತಿರಲಿಲ್ಲ.

ಪೋಲಿಷ್ ಮಹಿಳೆಯಂಥವರ ಪಾಡನ್ನು ಹೇಳಲು ನಮ್ಮ ಗಾದೆಯೇ ಸಾಕು: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಜನಮತಗಣನೆಯಾದ ಮೇಲೆ ಬ್ರಿಟನ್ನಿನಲ್ಲಿದ್ದ ಒಕ್ಕೂಟದ ಪ್ರಜೆಗಳ ಹಕ್ಕು ಮತ್ತು ಒಕ್ಕೂಟದಲ್ಲಿದ್ದ ಬ್ರಿಟಿಷರ ಹಕ್ಕು ಮಾತುಕತೆಯ ಪಣವಾಗಿ ಉಳಿದವು. ನೀವು ಇಲ್ಲಿಯೇ ಇರಬಹುದು ಎಂದು ಅಂದೇ ಏಕಪಕ್ಷೀಯವಾಗಿ ಹೇಳಿಬಿಡಿ ಎಂಬ ಒತ್ತಾಯವನ್ನು ಥೆರೇಸಾ ಮೇ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಬಂದದ್ದು ನೆಲೆಸಿಕೆ ಯೋಜನೆ. ಅದರಲ್ಲಿ ಹಕ್ಕು ತಾನಾಗಿ ಮುಂದುವರಿಯುವುದಿಲ್ಲ, ಅರ್ಜಿ ಹಾಕಿ ಪಡೆಯಬೇಕು. ಕೊನೆಯ ದಿನ 2021ರ ಜೂನ್ 30. ಐದು ವರ್ಷ ವಾಸ ಪೂರೈಸಿದವರಿಗೆ ಖಾಯಂ ನಿವಾಸಿಯ ಸ್ಥಾನ, ಉಳಿದವರಿಗೆ ತಾತ್ಕಾಲಿಕ ಸ್ಥಾನ. 65 ಪೌಂಡ್ ಶುಲ್ಕವನ್ನು ವಿರೋಧ ಬಂದ ಮೇಲೆ ಕೈಬಿಟ್ಟರು. ಪಾಸ್‌ಪೋರ್ಟಿನ ಚಿಪ್ ಓದುವ ಸರ್ಕಾರಿ ಆ್ಯಪ್ ಮೊದಲ ತಿಂಗಳುಗಳಲ್ಲಿ ಐಫೋನಿನಲ್ಲಿ ನಡೆಯುತ್ತಲೇ ಇರಲಿಲ್ಲವಾದ್ದರಿಂದ ಜನ ಗೆಳೆಯರ ಆಂಡ್ರಾಯ್ಡ್ ಫೋನನ್ನು ಎರವಲು ಪಡೆದು ತಮ್ಮ ಬದುಕಿನ ಹಕ್ಕನ್ನು ಸಾಬೀತುಪಡಿಸಬೇಕಾಯಿತು. ಈ ಯೋಜನೆಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸ್ಥಾನ ಪಡೆದರು. ಅಂಥವರು ಸುಮಾರು 30 ಲಕ್ಷ ಇರಬಹುದು ಎಂಬುದು ಆರಂಭದ ಅಂದಾಜಾಗಿತ್ತು. ತನ್ನ ನೆಲದಲ್ಲಿ ಎಷ್ಟು ಜನ ಇದ್ದಾರೆ ಎಂಬುದೇ ಆ ಸರ್ಕಾರಕ್ಕೆ ತಿಳಿದಿರಲಿಲ್ಲ ಎಂದಾಯಿತಲ್ಲ!

ಸ್ಥಾನ ಸಿಕ್ಕಿದ ಮೇಲೂ ಅವರ ಕೈಗೆ ಒಂದು ಕಾರ್ಡು ಬರಲಿಲ್ಲ. ಎಲ್ಲವೂ ಡಿಜಿಟಲ್. ಬಾಡಿಗೆ ಮನೆ ಬೇಕಾದರೆ ಅಥವಾ ಹೊಸ ಕೆಲಸಕ್ಕೆ ಸೇರಬೇಕಾದರೆ ಸರ್ಕಾರದ ಜಾಲತಾಣಕ್ಕೆ ಹೋಗಿ, ಪಾಸ್‌ಪೋರ್ಟ್ ಸಂಖ್ಯೆ ಮತ್ತು ಜನ್ಮದಿನಾಂಕ ಕೊಟ್ಟು, ಮೊಬೈಲಿಗೆ ಅಥವಾ ಇ–ಮೇಲ್‌ಗೆ ಬರುವ ಅಂಕಿಯನ್ನು ತುಂಬಿ, ಒಂಬತ್ತು ಅಕ್ಷರಗಳ ಶೇರ್ ಕೋಡ್ ಪಡೆದು, ಅದನ್ನು ಮನೆಮಾಲೀಕರಿಗೋ ಕಂಪನಿಗೋ ಕಳಿಸಬೇಕು. ಅವರು ಇನ್ನೊಂದು ಪುಟದಲ್ಲಿ ಅದನ್ನು ಹಾಕಿ ನೋಡಬೇಕು. ತೊಂಬತ್ತು ದಿನಗಳಾದ ಮೇಲೆ ಆ ಕೋಡ್ ಸತ್ತುಹೋಗುತ್ತದೆ. ಯುವಕರಿಗೆ ಇದು ಐದು ನಿಮಿಷದ ಕೆಲಸ. ಮೊಬೈಲ್ ಸಂಖ್ಯೆ ಬದಲಾದ ಎಂಬತ್ತರ ಅಜ್ಜಿಗೆ, ಪಾಸ್‌ಪೋರ್ಟ್ ನವೀಕರಿಸಿ ಹೊಸ ಸಂಖ್ಯೆಯನ್ನು ಜಾಲತಾಣಕ್ಕೆ ತಿಳಿಸಲು ಮರೆತವರಿಗೆ, ವಿಮಾನ ನಿಲ್ದಾಣದ ಕೌಂಟರಿನಲ್ಲಿ ಜಾಲತಾಣ ತೆರೆಯದೆ ನಿಂತವರಿಗೆ ಇದು ಬೇರೆಯೇ ಅನುಭವ. ಕೆರಿಬಿಯನ್ ದ್ವೀಪಗಳಿಂದ ದಶಕಗಳ ಹಿಂದೆ ಕಾನೂನುಬದ್ಧವಾಗಿ ಬಂದವರು ಕಾಗದವಿಲ್ಲವೆಂಬ ಕಾರಣಕ್ಕೆ ಕೆಲಸ, ಚಿಕಿತ್ಸೆ ಕಳೆದುಕೊಂಡು, ಕೆಲವರು ಗಡೀಪಾರೂ ಆದ ವಿಂಡ್‌ರಷ್ ಹಗರಣ 2018ರಲ್ಲಷ್ಟೇ ಬಯಲಾಗಿತ್ತು. ಕೈಯಲ್ಲಿ ಕಾಗದ ಬೇಕು ಎಂದು ಇವರು ಪಟ್ಟುಹಿಡಿದದ್ದು ಸುಮ್ಮನೆ ಅಲ್ಲ. ತಾತ್ಕಾಲಿಕ ಸ್ಥಾನದವರು ಮತ್ತೆ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ ಎಂಬ ನಿಯಮ ಕಾನೂನುಬಾಹಿರ ಎಂದು ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೆ ಅವರು ಸ್ವಲ್ಪ ಉಸಿರಾಡುವಂತಾಯಿತು. ನಮ್ಮ ನೆರೆಯ ಗೋವಾದ ಎಷ್ಟೋ ಕುಟುಂಬಗಳೂ ಈ ಸಾಲಿನಲ್ಲಿದ್ದವು: 1961ಕ್ಕೆ ಮುಂಚಿನ ಪೋರ್ಚುಗೀಸ್ ಆಳ್ವಿಕೆಯ ನಂಟಿನಿಂದ ಪೋರ್ಚುಗಲ್ ಪೌರತ್ವ ಪಡೆದು ಸ್ವಿಂಡನ್, ಸೌತಾಲ್ ಮುಂತಾದೆಡೆ ನೆಲೆಸಿದ್ದ ಇವರೂ ಕಾನೂನಿನ ಕಣ್ಣಿಗೆ ಐರೋಪ್ಯ ಪ್ರಜೆಗಳೇ.

ಉತ್ತರ ಐರ್ಲೆಂಡಿನ ನಿವಾಸಿಗಳ ಕಷ್ಟವೇ ಬೇರೆ ಬಗೆಯದು. ದಶಕಗಳ ಹಿಂಸಾಚಾರಕ್ಕೆ ತೆರೆ ಎಳೆದ 1998ರ ಶಾಂತಿ ಒಪ್ಪಂದವನ್ನು ಉಳಿಸಬೇಕಾದರೆ ಐರ್ಲೆಂಡ್ ಗಣರಾಜ್ಯದೊಂದಿಗಿನ ಗಡಿಯಲ್ಲಿ ತಪಾಸಣಾ ಠಾಣೆ ಬರಬಾರದು. ಒಕ್ಕೂಟದ ಮಾರುಕಟ್ಟೆಯನ್ನು ಕಾಯಬೇಕಾದರೆ ಎಲ್ಲಾದರೂ ಒಂದು ಕಡೆ ತಪಾಸಣೆ ಇರಲೇಬೇಕು. ಜಾನ್ಸನ್ ಸರ್ಕಾರ ಅದನ್ನು ಸಮುದ್ರಕ್ಕೆ ತಳ್ಳಿತು, ಅಂದರೆ ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವ ಸರಕಿಗೇ ಕಾಗದ ಬೇಕಾಯಿತು. ಇದನ್ನು ವಿರೋಧಿಸಿ ಡಿಯುಪಿ 2022ರ ಫೆಬ್ರುವರಿಯಿಂದ ಎರಡು ವರ್ಷ ಪ್ರಾಂತೀಯ ಸರ್ಕಾರವನ್ನೇ ನಡೆಯಗೊಡಲಿಲ್ಲ. ಮಂತ್ರಿಗಳಿಲ್ಲದ ಆ ಅವಧಿಯಲ್ಲಿ ವೇತನ ಪರಿಷ್ಕರಣೆ ನಿಂತು, 2024ರ ಜನವರಿ 18ರಂದು ಶಿಕ್ಷಕರು, ನರ್ಸ್‌ಗಳು, ಬಸ್ ಚಾಲಕರೆಲ್ಲ ಒಟ್ಟಾಗಿ ಬೀದಿಗಿಳಿದರು. ಸುನಕ್ 2023ರಲ್ಲಿ ಮಾಡಿಕೊಂಡ ವಿಂಡ್ಸರ್ ಚೌಕಟ್ಟು ತಪಾಸಣೆಯನ್ನು ಹಗುರಗೊಳಿಸಿದೆ, ಇಲ್ಲವಾಗಿಸಿಲ್ಲ.

ಬೆಲೆಯೇರಿಕೆ, ಆದಾಯಗಳ ಬಗ್ಗೆ ಎಚ್ಚರದಿಂದ ಮಾತನಾಡಬೇಕು, ಏಕೆಂದರೆ ಬ್ರೆಕ್ಸಿಟ್, ಕೋವಿಡ್ ಮತ್ತು ಉಕ್ರೇನ್ ಯುದ್ಧದ ಪರಿಣಾಮಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಆದರೂ ಕೆಲವು ಸಂಗತಿಗಳು ಸ್ಪಷ್ಟ. ಫಲಿತಾಂಶ ಬಂದ ದಿನ ಪೌಂಡಿನ ಬೆಲೆ ಡಾಲರಿನ ಎದುರು ಶೇ 8ರಷ್ಟು ಕುಸಿದು ಮೂರು ದಶಕಗಳಲ್ಲೇ ಕನಿಷ್ಠ ಮಟ್ಟಕ್ಕೆ ಬಂತು. ಹಣ್ಣು, ತರಕಾರಿಗಳ ಬಹುಪಾಲನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಇದು ನೇರವಾಗಿ ದಿನಸಿಯ ಚೀಟಿಯಲ್ಲಿ ಕಾಣುವ ಸಂಗತಿ. ಗಡಿಯ ಹೊಸ ಕಾಗದಪತ್ರಗಳಿಂದಾಗಿ 2021ರ ಕೊನೆಗೆ ಪ್ರತಿ ಕುಟುಂಬದ ಆಹಾರದ ಖರ್ಚು ಒಟ್ಟು ಸುಮಾರು 210 ಪೌಂಡ್ ಹೆಚ್ಚಾಗಿತ್ತು ಎಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಲೆಕ್ಕಹಾಕಿದ್ದಾರೆ. ದೀರ್ಘಾವಧಿಯಲ್ಲಿ ದೇಶದ ಉತ್ಪಾದಕತೆ, ಒಕ್ಕೂಟದಲ್ಲಿ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಶೇ 4ರಷ್ಟು ಕಡಿಮೆ ಇರುತ್ತದೆ ಎಂಬುದು ಸರ್ಕಾರದ ಆಯವ್ಯಯವನ್ನು ಸ್ವತಂತ್ರವಾಗಿ ಪರಿಶೀಲಿಸುವ ಕಚೇರಿಯ ಅಂದಾಜು. ಈ ನಷ್ಟದ ತೊಡಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಕಾರ್ಖಾನೆಯನ್ನು ತೋರಿಸಬಹುದು, ತೆರೆಯದೇ ಹೋದ ಕಾರ್ಖಾನೆಯನ್ನು ತೋರಿಸಲಾಗದು. ಆದ್ದರಿಂದ ಯಾವ ಸರ್ಕಾರವೂ ಅದರ ಲೆಕ್ಕ ಒಪ್ಪಿಸಬೇಕಾಗಿ ಬಂದಿಲ್ಲ.

ನಮ್ಮವರ ವಿಷಯಕ್ಕೆ ಬಂದರೆ, ಬ್ರೆಕ್ಸಿಟ್ ಅವರಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದೆ. ಯುರೋಪಿನ ನರ್ಸ್‌ಗಳು ಬರುವುದು ನಿಂತದ್ದು ನಿಮ್ಮ ಮಗಳಂಥವರಿಗೆ ಬಾಗಿಲು ತೆರೆಯಿತು. ಬ್ರಿಟನ್ನಿನ ನರ್ಸಿಂಗ್ ಮಂಡಳಿಯಲ್ಲಿ ಹೊಸದಾಗಿ ಹೆಸರು ನೋಂದಾಯಿಸಿದ ಐರೋಪ್ಯ ಪ್ರಜೆಗಳ ಸಂಖ್ಯೆ 2015–16ರಲ್ಲಿ 9,000ಕ್ಕೂ ಹೆಚ್ಚಿದ್ದದ್ದು 2017–18ರಲ್ಲಿ ಸುಮಾರು 800ಕ್ಕೆ ಇಳಿಯಿತು. ಹೊಸ ಭಾಷಾ ಪರೀಕ್ಷೆಯೂ ಇದಕ್ಕೆ ಕಾರಣವಾಗಿತ್ತೆನ್ನಿ. ಆ ಜಾಗವನ್ನು ತುಂಬಿದವರಲ್ಲಿ ಭಾರತೀಯರು ಮತ್ತು ಫಿಲಿಪೈನ್ಸ್‌ನವರು ಮುಂಚೂಣಿಯಲ್ಲಿದ್ದಾರೆ. 2021ರಲ್ಲಿ ಜಾರಿಗೆ ಬಂದ ಅಂಕ ಆಧಾರಿತ ವೀಸಾ ವ್ಯವಸ್ಥೆ, ಪದವಿಯ ನಂತರ ಎರಡು ವರ್ಷ ಉಳಿಯುವ ಅವಕಾಶ ಇವೆಲ್ಲ ಸೇರಿ ನಿವ್ವಳ ವಲಸೆ (ಬಂದವರಲ್ಲಿ ಹೋದವರನ್ನು ಕಳೆದು ಉಳಿದ ಸಂಖ್ಯೆ) 2023ರ ಸುಮಾರಿಗೆ ವರ್ಷಕ್ಕೆ 9 ಲಕ್ಷವನ್ನು ದಾಟಿತು. ಇದು ಜನಮತಗಣನೆಗೆ ಮುಂಚಿನ ಮಟ್ಟದ ಎರಡು ಪಟ್ಟಿಗಿಂತ ಹೆಚ್ಚು. ವಲಸೆ ಕಡಿಮೆಯಾಗಲಿ ಎಂದು ಮತ ಹಾಕಿದ ಆ ಹಿರಿಯರಿಗೆ ಈ ಅಂಕಿ ಕೇಳಿದಾಗ ಏನನ್ನಿಸಿರಬೇಕು ನೀವೇ ಯೋಚಿಸಿ.

ಆ ಸಿಟ್ಟಿಗೆ ರಾಜಕಾರಣಿಗಳು ಕೊಟ್ಟ ಉತ್ತರ ನಮ್ಮವರ ತಲೆಯ ಮೇಲೆ ಬಿತ್ತು. 2024ರಲ್ಲಿ ಕುಶಲ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ವೇತನ ಮಿತಿ ವರ್ಷಕ್ಕೆ 26,200 ಪೌಂಡಿನಿಂದ 38,700ಕ್ಕೆ, ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ಆದಾಯ 18,600ರಿಂದ 29,000ಕ್ಕೆ, ಆರೋಗ್ಯ ಸೇವೆಯ ಮೇಲ್ತೆರಿಗೆ ವಯಸ್ಕರಿಗೆ ವರ್ಷಕ್ಕೆ 624ರಿಂದ 1,035 ಪೌಂಡಿಗೆ ಏರಿದವು. ಆರೈಕೆ ಕೇಂದ್ರಗಳ ಕೆಲಸಗಾರರು ಕುಟುಂಬವನ್ನು ಜೊತೆಗೆ ತರುವುದನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. 2025ರ ಜುಲೈನಿಂದ ಹೊರದೇಶದಿಂದ ಹೊಸಬರನ್ನು ಆ ಕೆಲಸಕ್ಕೆ ತೆಗೆದುಕೊಳ್ಳುವುದೇ ನಿಂತಿದೆ. ಅದೇ ವರ್ಷದ ಮೇ ತಿಂಗಳ ಶ್ವೇತಪತ್ರದಲ್ಲಿ ಸ್ಟಾರ್ಮರ್ ಅವರ ಲೇಬರ್ ಪಕ್ಷದ ಸರ್ಕಾರ ಖಾಯಂ ವಾಸದ ಹಕ್ಕಿಗೆ ಬೇಕಾದ ಅವಧಿಯನ್ನು ಐದು ವರ್ಷದಿಂದ ಹತ್ತಕ್ಕೆ ಏರಿಸುವ ಇರಾದೆ ಪ್ರಕಟಿಸಿತು. ನಿಮ್ಮ ಮಗಳು ಆರೋಗ್ಯ ಕ್ಷೇತ್ರದ ವೀಸಾದಲ್ಲಿದ್ದರೆ ಮೇಲ್ತೆರಿಗೆ ಅವರಿಗೆ ಅನ್ವಯಿಸುವುದಿಲ್ಲ; ಆದರೆ ನಾಲ್ಕು ವರ್ಷ ಪೂರೈಸಿ ಐದನೆಯದನ್ನು ಎಣಿಸುತ್ತಿರುವವರಿಗೆ ಈ ಅವಧಿಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಈ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳ ಮಾತನ್ನು ನೆಚ್ಚದೆ, ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ಸರ್ಕಾರಿ ಜಾಲತಾಣದಲ್ಲಿ ನೋಡಿ, ಅಗತ್ಯವಿದ್ದರೆ ನೋಂದಾಯಿತ ವಲಸೆ ಸಲಹೆಗಾರರನ್ನು ಕಾಣಲು ಹೇಳಿ.

ಇಷ್ಟೆಲ್ಲ ಆದ ಮೇಲೆ ಹಿಂದಿರುಗುವ ದಾರಿ ಇದೆಯೇ ಎಂದು ಕೇಳುವವರಿದ್ದಾರೆ. 2022ರಿಂದೀಚೆಗಿನ ಸಮೀಕ್ಷೆಗಳಲ್ಲಿ ಹೊರಬಂದದ್ದು ತಪ್ಪಾಯಿತು ಎನ್ನುವವರೇ ಹೆಚ್ಚು. ಆದರೆ ಮತ್ತೊಮ್ಮೆ ಆ ಜಗಳಕ್ಕೆ ಇಳಿಯುವ ಉತ್ಸಾಹ ಎರಡೂ ದೊಡ್ಡ ಪಕ್ಷಗಳ ನಾಯಕತ್ವಕ್ಕಿಲ್ಲ. 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಸುಮಾರು ಮೂರನೇ ಒಂದರಷ್ಟು ಮತಗಳಿಂದ 400ಕ್ಕೂ ಹೆಚ್ಚು ಸ್ಥಾನ ಪಡೆಯಿತು, ಬ್ರೆಕ್ಸಿಟ್ ಪ್ರಚಾರದ ಮುಂದಾಳು ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಶೇ 14ರಷ್ಟು ಮತ ಪಡೆದೂ ಐದೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಮತದಾನದ ಪ್ರಮಾಣ ಶೇ 60ರ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷ ಪ್ರಕಟವಾದ ಬ್ರಿಟಿಷ್ ಸಾಮಾಜಿಕ ಧೋರಣೆಗಳ ಸಮೀಕ್ಷೆಯಲ್ಲಿ, ಸರ್ಕಾರಗಳು ಪಕ್ಷದ ಹಿತಕ್ಕಿಂತ ದೇಶದ ಹಿತವನ್ನು ಮೇಲಿಡುತ್ತವೆ ಎಂದು ತಾವು ಹೆಚ್ಚುಕಡಿಮೆ ಎಂದೂ ನಂಬುವುದಿಲ್ಲ ಎಂದವರು ಶೇ 45. ನೀವು ಬೇಲಿಯಾಚೆಗೆ ಕೇಳಿದ ಎರಡು ದನಿಗಳೂ ಈ 45ರೊಳಗೆ ಇದ್ದಿರಬೇಕು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ವಿಷಯ. ಕಾಮನ್‌ವೆಲ್ತ್ ಪ್ರಜೆಗಳಿಗಿರುವ ಮತದ ಹಕ್ಕು ಇಂದಿಗೂ ಇದೆ. ಖಾಯಂ ವಾಸದ ಅನುಮತಿ ಸಿಗುವವರೆಗೆ ಕಾಯಬೇಕಿಲ್ಲ. ಊರ್ಜಿತ ವೀಸಾದ ಮೇಲೆ ಅಲ್ಲಿ ವಾಸಿಸುವ ಭಾರತೀಯ ಪ್ರಜೆ ಸ್ಥಳೀಯ ಸಂಸ್ಥೆಗಳಿಗೂ ಸಂಸತ್ತಿಗೂ ಮತ ಹಾಕಬಹುದು, ಆದರೆ ಮತದಾರರ ಪಟ್ಟಿಗೆ ತಾನೇ ಹೆಸರು ಸೇರಿಸಿಕೊಳ್ಳಬೇಕು. ವಿಳಾಸ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು ಕೆಲವೇ ನಿಮಿಷಗಳಲ್ಲಿ ಆನ್‌ಲೈನ್ ಮುಗಿಸಬಹುದಾದ ಈ ಕೆಲಸವನ್ನು ನಮ್ಮವರಲ್ಲಿ ಅನೇಕರು, ಇದು ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಎಂದುಕೊಂಡು ಬಿಟ್ಟುಬಿಡುತ್ತಾರೆ. ಮತಗಟ್ಟೆಯಲ್ಲಿ ಈಗ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮಗಳಿಗೂ ಅಳಿಯಂದಿರಿಗೂ ಇದನ್ನು ತಿಳಿಸಿ.